ತೂಕದ ಪಟ್ಟಿ ಬರೆಯುವವರು ಬಾಕ್ಸರ್‌ಗಳಲ್ಲ

ಸಂಪಾದಕರೇ,

ಸೇನೆಯಲ್ಲಿದ್ದಾಗ ಬಾಕ್ಸಿಂಗ್ ಆಡಿದವನು ನಾನು. ಈಗ ಬೆಳಗಾವಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಹೇಳಿಕೊಡುತ್ತೇನೆ. ಅವರ ಅಪ್ಪ–ಅಮ್ಮಂದಿರು ಜಾಸ್ತಿ ಕೇಳುವುದು ಇದನ್ನೇ: ‘ನಮ್ಮ ಬಾಕ್ಸರ್ ಲವ್ಲಿನಾ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 69 ಕೆ.ಜಿ. ತೂಕದ ವಿಭಾಗದಲ್ಲಿ ಪದಕ ಗೆದ್ದಿದ್ದರಲ್ಲ ಸರ್, ಸುಮ್ನೆ 75ಕ್ಕೆ ಯಾಕೆ ಹೋದರು?’ ಪತ್ರಿಕೆಗಳಲ್ಲಿ ಸೋಲು–ಗೆಲುವು ಬರುತ್ತದೆ, ಇದಕ್ಕೆ ಉತ್ತರ ಬರುವುದಿಲ್ಲ.

ಅವರು ಸುಮ್ನೆ ಹೋಗಲಿಲ್ಲ. ಟೋಕಿಯೊದಲ್ಲಿದ್ದ 69 ಕೆ.ಜಿ. ವಿಭಾಗ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. ಕೆಳಗೆ 66, ಮೇಲೆ 75. ಲವ್ಲಿನಾ ಎತ್ತರದ ಹುಡುಗಿ. ಮೈ ಸೊರಗಿಸಿ ಇಳಿಯುವ ಬದಲು ಗಟ್ಟಿಯಾಗಿ ಮೇಲೆ ಹೋಗಿದ್ದು ನನಗಂತೂ ಸರಿ ಅನ್ನಿಸಿತು. 2023ರಲ್ಲಿ ದಿಲ್ಲಿಯಲ್ಲಿ 75ರಲ್ಲೇ ವಿಶ್ವ ಚಾಂಪಿಯನ್ ಆದರಲ್ವಾ? ಪ್ಯಾರಿಸ್ ಕ್ವಾರ್ಟರ್ ಫೈನಲ್‌ನಲ್ಲಿ ಅವರನ್ನು ಸೋಲಿಸಿದ ಚೀನಾದ ಲಿ ಚಿಯಾನ್ ರಿಯೊದಲ್ಲಿ ಕಂಚು, ಟೋಕಿಯೊದಲ್ಲಿ ಬೆಳ್ಳಿ, ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದವರು. ಮೂರೂ 75ರಲ್ಲೇ. ಅವರ ವಿಭಾಗವನ್ನು ಯಾರೂ ಮುಟ್ಟಲಿಲ್ಲ, ಅವರೂ ಕದಲಲಿಲ್ಲ.

ಮೇರಿ ಕೋಮ್ ಅವರನ್ನೇ ನೋಡಿ. 46, 48 ಕೆ.ಜಿ.ಗಳಲ್ಲಿ ವಿಶ್ವ ಚಿನ್ನ ಗೆದ್ದವರು. 2012ರಲ್ಲಿ ಒಲಿಂಪಿಕ್ಸ್‌ಗೆ ಮಹಿಳಾ ಬಾಕ್ಸಿಂಗ್ ಬಂತು, ಆದರೆ ಮೂರೇ ವಿಭಾಗ, ಎಲ್ಲಕ್ಕಿಂತ ಕಡಿಮೆಯದೇ 51. ತಮಗಿಂತ ದೊಡ್ಡ ಮೈಯವರ ಎದುರು ಆಡಿ ಕಂಚು ತಂದರು. 2018ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ 48 ಕೆ.ಜಿ., ಮತ್ತೆ ಚಿನ್ನ. ಟೋಕಿಯೊಗಾಗಿ ತಿರುಗಿ 51. ನಿಖತ್ ಜರೀನ್‌ಗೆ ಇದರ ಉಲ್ಟಾ. 2022ರಲ್ಲಿ 52ರಲ್ಲಿ ವಿಶ್ವ ಚಾಂಪಿಯನ್ ಆದವರು ಪ್ಯಾರಿಸ್‌ಗಾಗಿ 50ಕ್ಕೆ ಇಳಿಯಬೇಕಾಯಿತು.

ದುಡ್ಡಿಗೆ ಆಡುವ ವೃತ್ತಿಪರರ ಲೆಕ್ಕ ಬೇರೆ. ದೊಡ್ಡ ಎದುರಾಳಿ, ದೊಡ್ಡ ಹಣ ಎಲ್ಲಿದೆಯೋ ಆ ತೂಕಕ್ಕೆ ಹೋಗುತ್ತಾರೆ. ಅವರ ತೂಕ ನೋಡುವುದು ಪಂದ್ಯದ ಹಿಂದಿನ ದಿನ. ತೂಕ ಇಳಿಸಲು ಒಣಗಿಸಿದ ಮೈಗೆ ನೀರು, ಊಟ ತುಂಬಿಸಿಕೊಳ್ಳಲು ಒಂದಿಷ್ಟು ಹೊತ್ತು ಸಿಗುತ್ತದೆ. ಅಷ್ಟಾದರೂ ಅಮೆರಿಕದ ಬಾಕ್ಸರ್ ರಾಯ್ ಜೋನ್ಸ್ 2003ರಲ್ಲಿ ಎಲ್ಲಕ್ಕಿಂತ ಭಾರದ ವಿಭಾಗವಾದ ಹೆವಿವೇಟ್‌ಗೆ ಏರಿ ಗೆದ್ದು, ಕೆಳಗಿಳಿದು ಬಂದ ಮೇಲೆ ಮೊದಲಿನ ಜೋನ್ಸ್ ಆಗಿ ಉಳಿಯಲಿಲ್ಲ. ಮರುವರ್ಷ ಎದುರಾಳಿ ಆಂಟೋನಿಯೊ ಟಾರ್ವರ್ ಅವರನ್ನು ಎರಡನೇ ಸುತ್ತಿನಲ್ಲೇ ಮಲಗಿಸಿದರು.

ನಮ್ಮ ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್‌ನಲ್ಲಿ ಪಂದ್ಯದ ದಿನ ಬೆಳಿಗ್ಗೆಯೇ ತೂಕ. ಒಣಗಿದ ಮೈಯಲ್ಲೇ ರಿಂಗಿಗೆ ಹತ್ತಬೇಕು. ಇಷ್ಟಾದರೂ ‘ಕಡಿಮೆ ತೂಕದಲ್ಲಿ ಸರ್ಟಿಫಿಕೇಟ್ ಸುಲಭ’ ಅಂತ 14 ವರ್ಷದ ಹುಡುಗನಿಗೆ ನೀರು ಬಿಡಿಸಿ, ಬಿಸಿಲಲ್ಲಿ ರೇನ್‌ಕೋಟ್ ಹಾಕಿಸಿ ಓಡಿಸುವ ಅಪ್ಪಂದಿರಿದ್ದಾರೆ. ಅಂಥ ಹುಡುಗರನ್ನು ನಾನು ಪಂದ್ಯಕ್ಕೆ ಕಳಿಸುವುದಿಲ್ಲ, ಬೈಸಿಕೊಂಡರೂ ಸರಿ. ಬೆಳೆಯುವ ಹುಡುಗ ಒಂದು ವಿಭಾಗ ದಾಟಿದರೆ ದಾಟಲಿ ಬಿಡಿ!

2025ರಲ್ಲಿ ಲಿವರ್‌ಪೂಲ್‌ನಲ್ಲಿ ಮೀನಾಕ್ಷಿ ಹೂಡಾ ವಿಶ್ವ ಚಿನ್ನ ಗೆದ್ದಿದ್ದು 48 ಕೆ.ಜಿ.ಯಲ್ಲಿ. ಒಲಿಂಪಿಕ್ಸ್‌ನಲ್ಲಿ ಆ ವಿಭಾಗವೇ ಇಲ್ಲ. ನಾಳೆ ಅವರು ತೂಕ ಏರಿಸಿದರೆ, ಯಾಕೆ ಏರಿಸಿದರು ಅಂತ ನಿಮ್ಮ ಕ್ರೀಡಾ ಪುಟದಲ್ಲಿ ಎರಡು ಸಾಲು ಬರೆಯಿರಿ. ನಾನು ಅದನ್ನು ಕತ್ತರಿಸಿ ನಮ್ಮ ಹುಡುಗರ ಮನೆಯವರಿಗೆ ತೋರಿಸುತ್ತೇನೆ.

– ನಿವೃತ್ತ ಹವಾಲ್ದಾರ್, ಬೆಳಗಾವಿ