ಲಾವಣಿದಾರರಿಗೆ ತಲುಪದ ಕೋವಿಡ್ ಪರಿಹಾರ

ಮಾನ್ಯ ಸಂಪಾದಕರೇ,

2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಹಣ್ಣು–ತರಕಾರಿ ಬೆಳೆಗಾರರಿಗೆ 15,000 ರೂಪಾಯಿ ಹಾಗೂ ಗೋವಿನಜೋಳ ಬೆಳೆದ ಪ್ರತಿ ರೈತನಿಗೆ 5,000 ರೂಪಾಯಿ ಪರಿಹಾರ ಘೋಷಿಸಿದಾಗ ಹಾವೇರಿ ಜಿಲ್ಲೆಯ ನಮ್ಮಂಥ ಲಾವಣಿದಾರರಿಗೆ, ಅಂದರೆ ಬೇರೆಯವರ ಹೊಲವನ್ನು ಗೇಣಿಗೆ ಮಾಡುವವರಿಗೆ, ಸಮಾಧಾನವಾದದ್ದು ನಿಜ. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ವದಂತಿಯಿಂದ ಕೋಳಿ ಆಹಾರಕ್ಕೆ ಹೋಗುವ ಗೋವಿನಜೋಳವನ್ನು ಕೇಳುವವರಿಲ್ಲದೆ, ಬೆಲೆ ಏರೀತೆಂದು ಚೀಲ ಕಟ್ಟಿಟ್ಟವರು ಕ್ವಿಂಟಲಿಗೆ 1,760 ರೂಪಾಯಿಯ ಬೆಂಬಲ ಬೆಲೆಗಿಂತ ಕಡಿಮೆಗೆ ಮಾರಿಕೊಂಡ ಕಾಲವದು. ಹಣವೇನೋ ಬಂತು. ಅದು ಯಾರ ಖಾತೆಗೆ ಬಂತು ಎಂಬುದು ನನ್ನ ತಕರಾರು.

ರಾಣೆಬೆನ್ನೂರು ತಾಲ್ಲೂಕಿನ ನಮ್ಮೂರಿನಲ್ಲಿ ನಾನು ಮೂರು ಎಕರೆ ಹೊಲವನ್ನು ಲಾವಣಿಗೆ ಮಾಡುತ್ತಿದ್ದೆ. ಬೀಜ, ಗೊಬ್ಬರ, ಕಳೆ ತೆಗೆಸಿದ ಕೂಲಿ, ರಾಶಿ ಯಂತ್ರದ ಬಾಡಿಗೆ ಎಲ್ಲವೂ ನನ್ನದು. ಉತಾರ (ಪಹಣಿ) ಮಾತ್ರ ಹುಬ್ಬಳ್ಳಿಯಲ್ಲಿರುವ ಮಾಲೀಕರದು. ಬೆಳೆ ಸಮೀಕ್ಷೆಯಲ್ಲಿ ಬೆಳೆ ಸರಿಯಾಗಿಯೇ ದಾಖಲಾಗಿದ್ದರಿಂದ 5,000 ರೂಪಾಯಿ ತಪ್ಪದೆ ಅವರ ಖಾತೆಗೆ ಜಮಾ ಆಯಿತು. ಅವರೇ ಫೋನ್ ಮಾಡಿ ತಿಳಿಸಿ, ಬಾಕಿಯಿದ್ದ ಲಾವಣಿ ಹಣದಲ್ಲಿ 2,000 ರೂಪಾಯಿ ಬಿಟ್ಟರು. ಅದು ಅವರ ದೊಡ್ಡತನ. ಬಿಡದಿದ್ದರೆ ನಾನು ಕೇಳುವ ಹಾಗಿರಲಿಲ್ಲ. ಏಕೆಂದರೆ, 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಸೈನಿಕರಂಥ ಕೆಲವರನ್ನು ಬಿಟ್ಟರೆ ಉಳಿದವರು ಜಮೀನನ್ನು ಗೇಣಿಗೆ ಕೊಡುವುದೇ ನಿಷಿದ್ಧವಾದ್ದರಿಂದ ನಮ್ಮ ಕಡೆಯ ಲಾವಣಿಯೆಲ್ಲ ಬಾಯಿಮಾತಿನ ಮೇಲೆ ನಡೆಯುತ್ತದೆ. ಕಾಗದ ಕೇಳಿದವನಿಗೆ ಮರುವರ್ಷ ಹೊಲವಿರುವುದಿಲ್ಲ. ಉತಾರದ 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರಿಗೆಂದು ಜಾಗವಿದೆ, ಅಲ್ಲಿ ನನ್ನ ಹೆಸರು ಎಂದೂ ಏರಲಿಲ್ಲ.

ಸ್ವಂತ ಹೊಲದವರಿಗೂ ಎಲ್ಲ ಸಲೀಸಾಗಿರಲಿಲ್ಲ. ನಮ್ಮ ಓಣಿಯ ವಿಧವೆಯೊಬ್ಬರು 15 ಗುಂಟೆಯಲ್ಲಿ ಗಲಾಟೆ ಹೂ ಹಾಕಿದ್ದರು. ಮದುವೆ, ಜಾತ್ರೆಗಳು ನಿಂತು, ಬಿಡಿಸಿದ ಕೂಲಿಯೂ ಹುಟ್ಟದೆ, ಅವರು ಬುಟ್ಟಿಗಟ್ಟಲೆ ಹೂವನ್ನು ತಿಪ್ಪೆಗೆ ಸುರಿದದ್ದನ್ನು ನಾನೇ ಕಂಡಿದ್ದೇನೆ. ಸರ್ಕಾರದ ಲೆಕ್ಕದಂತೆ ಅವರಿಗೆ ಸುಮಾರು 3,800 ರೂಪಾಯಿ ಸಲ್ಲಬೇಕಿತ್ತು. ಆದರೆ ಉತಾರದಲ್ಲಿ ತೀರಿಹೋದ ಮಾವನ ಹೆಸರೇ ಇತ್ತು, ವಾರಸಾ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರಲಿಲ್ಲ; ಸಮೀಕ್ಷೆಗೆ ಬಂದವರು ಬದುವಿನ ಮೇಲೆ ನಿಂತು ಇಡೀ ಸರ್ವೆ ನಂಬರಿಗೆ ಗೋವಿನಜೋಳವೆಂದು ಬರೆದುಕೊಂಡು ಹೋಗಿದ್ದರು. ಬಸ್ಸಿಲ್ಲದ ಆ ದಿನಗಳಲ್ಲಿ ಎರಡು ಸಲ ತಾಲ್ಲೂಕು ಕೇಂದ್ರಕ್ಕೆ ಹೋಗಿಬಂದು ಆಸೆ ಬಿಟ್ಟರು. 2021ರ ಎರಡನೇ ಅಲೆಯಲ್ಲಿ ಹೂವಿನ ಪರಿಹಾರ ಹೆಕ್ಟೇರಿಗೆ 10,000 ರೂಪಾಯಿಗೆ ಇಳಿಯಿತು, ಉತಾರದ ಹಾದಿ ಮಾತ್ರ ಬದಲಾಗಲಿಲ್ಲ.

ನೆರೆಯ ಆಂಧ್ರಪ್ರದೇಶವು 2019ರಲ್ಲಿ, ಮಾಲೀಕನ ಹಕ್ಕಿಗೆ ಧಕ್ಕೆಯಾಗದಂತೆ ಹನ್ನೊಂದು ತಿಂಗಳ ಕರಾರಿನ ಮೇಲೆ ಸಾಗುವಳಿದಾರನಿಗೆ ಕಾರ್ಡು ಕೊಡುವ ಕಾಯ್ದೆಯನ್ನು ತಂದಿದೆ. ಅಂಥದ್ದೊಂದು ನಮ್ಮಲ್ಲೂ ಬರುವವರೆಗೆ, ಮುಂಗಾರು ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಹೊಲ ಮಾಡುವವನ ಹೆಸರು ಹಾಗೂ ಬ್ಯಾಂಕ್ ಖಾತೆಯನ್ನೂ ಪಡೆದು, ಅದನ್ನು ಬೆಳೆ ಪರಿಹಾರಕ್ಕೆ ಮಾತ್ರ ಬಳಸುವುದಾಗಿ ಆದೇಶದಲ್ಲೇ ಸ್ಪಷ್ಟಪಡಿಸಿದರೆ ಮಾಲೀಕರೂ ಹೆದರುವುದಿಲ್ಲ. ಮುಂದಿನ ಬಿತ್ತನೆಯೊಳಗೆ ಕಂದಾಯ ಮತ್ತು ಕೃಷಿ ಇಲಾಖೆಗಳು ಈ ಬಗ್ಗೆ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

– ಒಬ್ಬ ಲಾವಣಿದಾರ ರೈತ, ರಾಣೆಬೆನ್ನೂರು ತಾಲ್ಲೂಕು