ಆ ರಾತ್ರಿ ಜೊತೆಗಿದ್ದವರಿಗೆ, ಮತ್ತು ಬೇಸ್‌ಬಾಲ್ ಆಟಗಾರ ಜಿಮ್ ಆ್ಯಬಟ್ ಅವರಿಗೆ

ಸೋಮವಾರದಿಂದ ನಾನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಡ್ರೈವಿಂಗ್ ಟೆಸ್ಟ್ ಕೂಡ ಪಾಸಾಯಿತು. ನನ್ನ ಬಲಗೈ ಹೇಗೆ ಹೋಯಿತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು. ಇದನ್ನು ಎಡಗೈಯಲ್ಲಿ ಟೈಪ್ ಮಾಡಿದ್ದೇನೆ. ನಿಧಾನ ಆಯಿತು, ಆದರೆ ಪೂರ್ತಿ ನಾನೇ ಮಾಡಿದ್ದು.

ಡಬ್ಬಿಗಳಲ್ಲಿ ಊಟ ತಂದುಕೊಟ್ಟ ಕನ್ನಡ ಕೂಟದ ಗೆಳೆಯರು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಕರೆತಂದವರು, ಇನ್ಶೂರೆನ್ಸ್ ಕಾಗದಗಳನ್ನೆಲ್ಲ ನೋಡಿಕೊಂಡ ಭಾವ, ನಾನು ಸಿಡುಕಿದರೂ ಸಿಡುಕದ ಥೆರಪಿಸ್ಟ್, ಮನೆ ಮುಂದಿನ ಹಿಮ ಎತ್ತಿಹಾಕಿ ಹೆಸರೂ ಹೇಳದೆ ಹೋದವರು, ಎಲ್ಲರಿಗೂ ಮನಸಾರೆ ನಮಸ್ಕಾರ. ಹೆಂಡತಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳುತ್ತೇನೆ.

ಇನ್ನು ಎದುರು ಮನೆಯ ತಾತ. ನಮ್ಮ ಮಕ್ಕಳು ಅವರನ್ನು ಕರೆಯುವುದೇ ಹಾಗೆ. ಅವರಿಗೆ ಬರುವ ಕನ್ನಡ ತಾತ, ದೋಸೆ, ಬನ್ನಿ, ಇಷ್ಟೇ. ಈ ಬರಹವನ್ನು ಮಗಳು ಅವರಿಗೆ ಓದಿ ಅರ್ಥ ಹೇಳುತ್ತಾಳೆ. ಅವರು ಇದೇ ಮಿಶಿಗನ್‌ನ ಫ್ಲಿಂಟ್‌ನವರು. 1908ರಲ್ಲಿ ಜನರಲ್ ಮೋಟರ್ಸ್ ಕಾರು ಕಂಪನಿ ಹುಟ್ಟಿದ ಊರು ಅದು. ಅಲ್ಲೇ ಕಾರು ಜೋಡಿಸುವ ಕೆಲಸ ಮಾಡಿ ರಿಟೈರ್ ಆದವರು.

ಆಪರೇಷನ್ ಆದ ರಾತ್ರಿ ಚಿಕ್ಕವನಿಗೆ ಜ್ವರ. ಹೆಂಡತಿ ಮನೆಯಲ್ಲಿ ಇರಲೇಬೇಕಿತ್ತು. ನಾನಿರುತ್ತೇನೆ ಅಂದರು ತಾತ. ಬಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು. ಬೆಳಗಾಗುವವರೆಗೂ ಅಲ್ಲೇ ಇದ್ದರು.

ಇಲ್ಲದ ಕೈ ನೋಯುತ್ತದೆ ಅಂದರೆ ಅನುಭವಿಸದವರಿಗೆ ನಂಬುವುದು ಕಷ್ಟ. ಬೆರಳುಗಳೇ ಇಲ್ಲ, ಆದರೂ ಯಾರೋ ಒಂದೊಂದಾಗಿ ಹಿಡಿದು ತಿರುಚಿದ ಹಾಗೆ. ನಾನು ಕೂಗಾಡಿದೆ. ಊಟ ಮಾಡುವ ಕೈ ಹೋಯಿತು ಅಂದೆ. ತೀರ್ಥ ತಗೊಳ್ಳುವ ಕೈ ಹೋಯಿತು ಅಂದೆ. ಎಡಗೈಯಲ್ಲಿ ಯಾರಿಗೂ ಏನೂ ಕೊಡಬಾರದು ಅಂತ ಹೇಳಿಸಿಕೊಂಡು ಬೆಳೆದವನು, ಇನ್ನು ಮಕ್ಕಳಿಗೆ ತುತ್ತು ಹೇಗೆ ಕೊಡಲಿ ಅಂತ ಅತ್ತೆ. ಯಾಕೆ ಬದುಕಿಸಿದಿರಿ ಅಂತಲೂ ಕೇಳಿದೆ. ಕನ್ನಡದಲ್ಲಿ ಕೇಳಿದೆನೋ ಇಂಗ್ಲಿಷಿನಲ್ಲಿ ಕೇಳಿದೆನೋ ನೆನಪಿಲ್ಲ. ತಾತ ನನ್ನನ್ನು ತಡೆಯಲಿಲ್ಲ. ಎಲ್ಲ ಸರಿಹೋಗುತ್ತದೆ ಅಂತ ಹೇಳಲೂ ಇಲ್ಲ. ನರ್ಸನ್ನು ಕರೆದರು. ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದರು. ನೋವು ಸ್ವಲ್ಪ ಇಳಿದ ಮೇಲೆ ಫೋನ್ ತೆಗೆದು, ನಮ್ಮೂರ ಹುಡುಗನನ್ನು ನೋಡು ಅಂತ ಒಂದು ಹಳೇ ಬೇಸ್‌ಬಾಲ್ ಆಟ ಹಾಕಿದರು.

ನಾನು ಕ್ರಿಕೆಟ್ ನೋಡಿ ಬೆಳೆದವನು. ಇಷ್ಟು ವರ್ಷ ಮಿಶಿಗನ್‌ನಲ್ಲಿದ್ದರೂ ಬೇಸ್‌ಬಾಲ್ ಅಂದರೆ ಅಷ್ಟಕ್ಕಷ್ಟೇ. ಜಿಮ್ ಆ್ಯಬಟ್ ಹೆಸರನ್ನು ಅಂದೇ ಮೊದಲು ಕೇಳಿದ್ದು. 1967ರಲ್ಲಿ ಹುಟ್ಟಿದಾಗಲೇ ಅವರಿಗೆ ಬಲ ಹಸ್ತ ಇರಲಿಲ್ಲ. ಆದರೂ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರು, ಆದರು. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಜಪಾನ್ ವಿರುದ್ಧ ಇಡೀ ಆಟ ಒಬ್ಬರೇ ಪಿಚ್ ಮಾಡಿ ಅಮೆರಿಕವನ್ನು ಗೆಲ್ಲಿಸಿದರು. ಮರುವರ್ಷ ಕೆಳಹಂತದ ಮೈನರ್ ಲೀಗ್‌ನಲ್ಲಿ ಒಂದು ಆಟವನ್ನೂ ಆಡದೆ ನೇರ ಮೇಜರ್ ಲೀಗ್‌ಗೆ ಹೋದರು.

ತಾತ ತೋರಿಸಿದ್ದು 1993ರ ಸೆಪ್ಟೆಂಬರ್ 4ರ ಆಟ. ನ್ಯೂಯಾರ್ಕ್ ಯಾಂಕೀಸ್ ಪರ ಆ್ಯಬಟ್, ಎದುರಿಗೆ ಕ್ಲೀವ್‌ಲ್ಯಾಂಡ್. ಆರು ದಿನದ ಹಿಂದೆ ಇದೇ ತಂಡ ಅವರಿಗೆ ಚೆನ್ನಾಗಿ ಬಾರಿಸಿತ್ತು. ನಾಲ್ಕು ಇನಿಂಗ್ಸ್ (ಒಂದು ಆಟದಲ್ಲಿ ತಂಡಕ್ಕೆ ಇಂಥ ಒಂಬತ್ತು ಸರದಿ) ಮುಗಿಯುವ ಮೊದಲೇ 7 ರನ್ ಕೊಟ್ಟು ಹೊರಗೆ ಹೋಗಿದ್ದರು. ಈ ಸಲ ಒಂಬತ್ತು ಇನಿಂಗ್ಸ್‌ನಲ್ಲಿ ಒಬ್ಬ ಬ್ಯಾಟರ್‌ಗೂ ಒಂದು ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ಮುಟ್ಟುವ ಅವಕಾಶ, ಬಿಟ್ಟುಕೊಡಲಿಲ್ಲ. ಇದಕ್ಕೇ ನೋ-ಹಿಟರ್ ಅನ್ನುತ್ತಾರೆ. ಕೊನೆಯ ಇನಿಂಗ್ಸ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಕೆನ್ನಿ ಲಾಫ್ಟನ್ ಬ್ಯಾಟ್ ಬೀಸದೆ ಮೆಲ್ಲಗೆ ತಟ್ಟಿ ಓಡಲು ನೋಡಿದರು. ನೋ-ಹಿಟರ್ ಕೆಡಿಸಲು ಇದು ಅಡ್ಡದಾರಿ ಅನ್ನುವ ಹಾಗೆ ಇಡೀ ಸ್ಟೇಡಿಯಂ ಛೀ ಅಂತ ಕೂಗಿತು. 4-0 ಗೆಲುವು.

ನನ್ನ ಕಣ್ಣು ಮಾತ್ರ ಗ್ಲೌವ್ ಮೇಲೇ ಇತ್ತು. ಎಸೆಯುವಾಗ ಅದು ಬಲ ತೋಳಿನ ತುದಿಯಲ್ಲಿ ಕೂತಿರುತ್ತದೆ. ಚೆಂಡು ಬಿಟ್ಟ ಕೂಡಲೇ ಎಡಗೈ ಅದರೊಳಗೆ ಹೋಗುತ್ತದೆ. ಚೆಂಡು ವಾಪಸ್ ಬಂದರೆ ಹಿಡಿದು, ಗ್ಲೌವನ್ನು ಬಲ ತೋಳಿಗೂ ಮೈಗೂ ನಡುವೆ ಅವುಚಿ, ಎಡಗೈ ಹೊರಗೆಳೆದು, ಅದೇ ಕೈಯಲ್ಲಿ ಚೆಂಡು ತೆಗೆದು ಎಸೆಯುತ್ತಾರೆ. ಪಿಚರ್‌ಗೂ ಬ್ಯಾಟರ್‌ಗೂ ನಡುವೆ 60 ಅಡಿ ಚಿಲ್ಲರೆ ಜಾಗ ಅಷ್ಟೇ. ಇಷ್ಟೆಲ್ಲ ಆಗಬೇಕಾದ್ದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ. ಚಿಕ್ಕಂದಿನಲ್ಲಿ ಗೋಡೆಗೆ ಚೆಂಡು ಎಸೆದೆಸೆದು ಕಲಿತದ್ದಂತೆ.

ನನಗೆ ಸಿಟ್ಟು ಬಂತು. ಅವರಿಗೆ ಹುಟ್ಟಿನಿಂದಲೇ ಇರಲಿಲ್ಲ, ನನಗೆ ಇತ್ತು, ಹೋಯಿತು, ಎರಡೂ ಒಂದೇನಾ ಅಂತ ಕೇಳಿದೆ. ಒಂದೇ ಅಲ್ಲ, ಆದರೆ ಆ ಗ್ಲೌವ್ ನೋಡು ಅಂದರು ತಾತ. ಮತ್ತೆ ಹಿಂದಕ್ಕೆ ಹೋಗಿ ಅದೇ ಜಾಗ ಹಾಕಿದರು. ಬೆಳಗಿನ ಜಾವದವರೆಗೂ ಅದನ್ನೇ ನೋಡಿದೆವು.

ಆ್ಯಬಟ್ ಮೂರನೇ ಕ್ಲಾಸಿನಲ್ಲಿದ್ದಾಗ ಅವರ ಮೇಷ್ಟ್ರು, ಒಂದೇ ಕೈಯಲ್ಲಿ ಶೂ ಲೇಸ್ ಕಟ್ಟುವುದನ್ನು ಮೊದಲು ತಾವು ಅಭ್ಯಾಸ ಮಾಡಿ, ಆಮೇಲೆ ಹುಡುಗನಿಗೆ ಹೇಳಿಕೊಟ್ಟರು. ತಾತನಿಗೆ ಈ ಕಥೆ ಗೊತ್ತಿತ್ತು. ನಾನು ಮನೆಗೆ ಬಂದ ಮೇಲೆ ಅವರು ತಮ್ಮ ಬಲಗೈಯನ್ನು ಬೆಲ್ಟಿಗೆ ಕಟ್ಟಿಕೊಂಡು ನಮ್ಮ ಅಡುಗೆಮನೆಗೆ ಬರುತ್ತಿದ್ದರು. ಬಾಟಲಿಯನ್ನು ತೊಡೆ ಮಧ್ಯೆ ಸಿಕ್ಕಿಸಿ ಮುಚ್ಚಳ ತೆಗೆಯುವುದು, ತಟ್ಟೆ ಜಾರದ ಹಾಗೆ ಅಡಿಯಲ್ಲಿ ಒದ್ದೆ ಬಟ್ಟೆ ಹಾಸುವುದು, ಜಾಕೆಟ್ಟಿನ ಜಿಪ್ ಹಾಕುವುದು. ಮೊದಲು ಅವರು ಮಾಡಿ ನೋಡುವುದು, ಆಮೇಲೆ ನಾನು. ಧೈರ್ಯ ಹೇಳಿದವರು ತುಂಬಾ ಜನ, ಅವರ ಪ್ರೀತಿ ನನಗೆ ಗೊತ್ತು. ಹೇಗೆ ಮಾಡುವುದು ಅಂತ ಪಕ್ಕದಲ್ಲಿ ಕೂತು ತೋರಿಸಿದವರು ತಾತ. ಅಪ್ಪ ಹೋದ ಮೇಲೆ ನನ್ನ ಜೊತೆ ಇಷ್ಟು ಹೊತ್ತು ಕಳೆದವರು ಬೇರೆ ಯಾರೂ ಇಲ್ಲ.

ಆ್ಯಬಟ್ ನನಗೆ ಹೀರೋ ಆದದ್ದು ನೋ-ಹಿಟರ್ ಒಂದರಿಂದಲೇ ಅಲ್ಲ. ಆಮೇಲೆ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಒಟ್ಟು 87 ಗೆಲುವು, 108 ಸೋಲು. ಸೋಲೇ ಜಾಸ್ತಿ. 1996ರಲ್ಲಂತೂ 2 ಗೆಲುವು, 18 ಸೋಲು. ಎಸೆತದ ವೇಗ ಕಡಿಮೆಯಾಗಿತ್ತು, ಎರಡು ಕೈ ಇರುವ ಪಿಚರ್‌ಗಳು ಸೋಲುವ ಹಾಗೇ ಸೋತರು. ಮುಂದಿನ ವರ್ಷ ಆಡಲೇ ಇಲ್ಲ. 1998ರಲ್ಲಿ ಕೆಳಗಿನ ಲೀಗ್‌ಗಳಿಂದ ಮತ್ತೆ ಶುರು ಮಾಡಿ, ಚಿಕಾಗೋ ವೈಟ್ ಸಾಕ್ಸ್‌ಗೆ ಬಂದು ಐದಕ್ಕೆ ಐದೂ ಗೆದ್ದರು. ಅದನ್ನು ಓದಿದ ದಿನ ಎದೆ ಹಗುರಾಯಿತು. ಒಂದು ಕೈಯವನು ದಿನಾ ಪವಾಡ ಮಾಡಬೇಕಿಲ್ಲ ಅಲ್ವಾ? ಕೆಟ್ಟ ದಿನ ಬಂದರೆ ಅದು ಬರೀ ಕೆಟ್ಟ ದಿನ. ನಾಳೆ ಮತ್ತೆ ಲೇಸ್ ಕಟ್ಟಿಕೊಂಡು ಹೊರಡಬಹುದು.

ಅಮ್ಮ ವಿಡಿಯೋ ಕಾಲ್‌ನಲ್ಲಿ, "ಎಡಗೈಯಲ್ಲೇ ತಿನ್ನೋ ಮಗನೇ, ದೇವರು ಕೈ ನೋಡಲ್ಲ" ಅಂದಳು. ಈಗ ಎಡಗೈಯಲ್ಲೇ ಸಾರು ಅನ್ನ ಕಲಸುತ್ತೇನೆ. ಚಿಕ್ಕವನು ಆ ತುತ್ತಿಗೇ ಬಾಯಿ ತೆರೆಯುತ್ತಾನೆ.

ಆ್ಯಬಟ್ ಆಟಕ್ಕೆ ಹೋದ ಊರುಗಳಲ್ಲೆಲ್ಲ ಕೈ ಇಲ್ಲದ ಮಕ್ಕಳನ್ನು ಅಪ್ಪ ಅಮ್ಮಂದಿರು ಕರೆತರುತ್ತಿದ್ದರು. ಅವರು ಆ ಮಕ್ಕಳ ಜೊತೆ ಕೂತು ಮಾತಾಡುತ್ತಿದ್ದರು. ನನ್ನ ಕೈಲಾದದ್ದು ಸಣ್ಣದು. ನಿಮಗೆ ಗೊತ್ತಿರುವ ಯಾರಿಗಾದರೂ, ಇಲ್ಲಾಗಲಿ ಊರಲ್ಲಾಗಲಿ, ಹೀಗೆ ಆಗಿದ್ದರೆ ನನ್ನ ನಂಬರ್ ಕೊಡಿ. ಎಷ್ಟು ಹೊತ್ತಿಗಾದರೂ ಫೋನ್ ಮಾಡಲಿ. ಶರ್ಟಿನ ಗುಂಡಿ, ಚಪಾತಿ ಮುರಿಯುವುದು, ಸೀಟ್ ಬೆಲ್ಟ್, ಎಲ್ಲ ವಿಡಿಯೋದಲ್ಲೇ ತೋರಿಸುತ್ತೇನೆ.