ಮೇಜಿನ ಮೇಲೊಂದು ಪತ್ರ: ವಾರ್ಸಾದಲ್ಲಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ವಾರ್ಸಾಗೆ ಹೋಗಿ ಮೂರು ತಿಂಗಳಾದರೂ ಮ್ಯೂಸಿಯಂ ಕಡೆ ತಲೆ ಹಾಕಿಲ್ಲ ಅಂದೆಯಲ್ಲ, ಕೇಳಿ ಹೊಟ್ಟೆ ಉರಿಯಿತು ಕಣೋ. ನಾನಿಲ್ಲಿ ಫೋನಿನಲ್ಲಿ ಎರಡು ಬೆರಳಿಟ್ಟು ಹಿಗ್ಗಿಸಿ ಹಿಗ್ಗಿಸಿ ನೋಡುವ 'ಸ್ಟಾಂಚಿಕ್' ಅನ್ನುವ ಚಿತ್ರ ನಿಮ್ಮೂರಿನ ರಾಷ್ಟ್ರೀಯ ಮ್ಯೂಸಿಯಂನಲ್ಲೇ ಇದೆ.

ಪೋಲೆಂಡಿನ ಚಿತ್ರಕಾರ ಯಾನ್ ಮಾತೆಯ್ಕೊ ಬರೆದದ್ದು. ಆಫೀಸಿನಲ್ಲಿ ಯಾರನ್ನಾದರೂ ಕೇಳು, ಮೊದಲು ಅವನದೇ 'ಗ್ರುನ್ವಾಲ್ಡ್ ಕದನ' ನೋಡು ಅಂತಾರೆ. ಪೋಲೆಂಡಿನವರು ಲಿಥುವೇನಿಯಾದವರ ಜೊತೆ ಸೇರಿ ಜರ್ಮನ್ ನೈಟ್‌ಗಳನ್ನು ಸೋಲಿಸಿದ 1410ರ ಯುದ್ಧ ಅದು, ಚಿತ್ರ 1878ರದ್ದು. ಹತ್ತಿರ ಹತ್ತಿರ 10 ಮೀಟರ್ ಅಗಲ! ಕುದುರೆ, ಈಟಿ, ಬಾವುಟ, ಹೊಡೆಯುವವರು, ಬೀಳುವವರು ಎಲ್ಲ ಒಬ್ಬರ ಮೇಲೊಬ್ಬರು, ನನಗಂತೂ ಜಾತ್ರೆಯಲ್ಲಿ ಕೈ ಬಿಟ್ಟುಹೋದ ಹಾಗಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಗೆ ಸಿಗಬಾರದು ಅಂತ ಅದನ್ನು ಸುತ್ತಿ ಲುಬ್ಲಿನ್ ಕಡೆ ನೆಲದಲ್ಲಿ ಹೂತಿಟ್ಟಿದ್ದರು. ನೋಡು, ಬೇಡ ಅನ್ನಲ್ಲ. ಆದರೆ ಅಲ್ಲೇ ಸುಸ್ತಾಗಿ ವಾಪಸ್ ಬಂದುಬಿಡಬೇಡ.

ನಾನು ಹೇಳ್ತಿರೋದು 'ಸ್ಟಾಂಚಿಕ್' ಬಗ್ಗೆ. 1862ರದ್ದು, ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ, ಅಷ್ಟೇ. ಸ್ಟಾಂಚಿಕ್ ಅಂದರೆ ಪೋಲೆಂಡಿನ ಅರಮನೆಯ ವಿದೂಷಕ, ಕೆಂಪು ಬಟ್ಟೆಯಲ್ಲಿ ಕುರ್ಚಿಯಲ್ಲಿ ಕುಸಿದು ಕೂತಿದ್ದಾನೆ. ಹಿಂದಿನ ಕೋಣೆಯಲ್ಲಿ ಬೋನಾ ರಾಣಿಯ ಔತಣ, ದೀಪ, ಕುಣಿತ. ಅವನ ಪಕ್ಕದ ಮೇಜಿನ ಮೇಲೆ ಒಂದು ಪತ್ರ ಬಿಚ್ಚಿ ಬಿದ್ದಿದೆ. ತಮ್ಮ ಕಡೆಯ ಗಡಿಕೋಟೆ ಸ್ಮೊಲೆನ್ಸ್ಕ್ ಮಾಸ್ಕೋದವರ ಪಾಲಾಯಿತು ಅನ್ನುವ ಸುದ್ದಿ. ಬೇರೆಯವರೂ ಓದಿರಬಹುದು, ಓದಿ ಸುಮ್ನೆ ಕುಣಿಯೋಕೆ ಹೋಗಿರಬಹುದು. ಕೂತುಬಿಟ್ಟವನು ಮಾತ್ರ ಇವನೊಬ್ಬ, ನಗಿಸೋದಕ್ಕೆ ಸಂಬಳ ತಗೊಳ್ಳುವವನು.

ಲೆಕ್ಕ ಹಾಕಿದರೆ ಇದು ತಪ್ಪು. ಸ್ಮೊಲೆನ್ಸ್ಕ್ ಹೋಗಿದ್ದು 1514ರಲ್ಲಿ, ಬೋನಾ ಇಟಲಿಯಿಂದ ಮದುವೆಯಾಗಿ ಬಂದದ್ದು 1518ರಲ್ಲಿ. ಮಾತೆಯ್ಕೊಗೆ ಗೊತ್ತಿರಲಿಲ್ಲ ಅಂತ ನಾನು ನಂಬಲ್ಲ. ಅವನಿಗೆ ಬೇಕಾಗಿದ್ದು ತಾರೀಕಲ್ಲ. ಅವನು ಚಿತ್ರ ಬರೆಯುವಾಗ ಪೋಲೆಂಡ್ ಅನ್ನುವ ದೇಶವೇ ಇರಲಿಲ್ಲ, 1795ರಲ್ಲೇ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡು ಮುಗಿಸಿದ್ದವು. ಅವನ ಊರು ಕ್ರಾಕೋವ್ ಆಸ್ಟ್ರಿಯಾದ ಕೈಲಿತ್ತು. 1848ರಲ್ಲಿ ಆ ಊರಿನ ಮೇಲೆ ಆಸ್ಟ್ರಿಯಾದ ಫಿರಂಗಿ ಹಾರಿದಾಗ ಇವನಿಗೆ ಇನ್ನೂ 10 ತುಂಬಿರಲಿಲ್ಲ. ಹಾಗಾಗಿ ಸುಮಾರು 24ರ ವಯಸ್ಸಿನಲ್ಲಿ ಕುಂಚ ಹಿಡಿದು ಆ ವಿದೂಷಕನಿಗೆ ಯಾರ ಮುಖ ಕೊಟ್ಟ ಹೇಳು? ತನ್ನದೇ.

ಹೋದಾಗ ನನಗೋಸ್ಕರ ಒಂದು ಕೆಲಸ ಮಾಡು. ಅವನ ಕಾಲ ಬಳಿ ರತ್ನಗಂಬಳಿ ಮುದುಡಿದೆ, ವಿದೂಷಕನ ಗೊಂಬೆತಲೆಯ ಕೋಲು ನೆಲಕ್ಕೆ ಬಿದ್ದಿದೆ. ಅದು ಅವನೇ ಎಸೆದದ್ದೋ, ಕೈಯಿಂದ ಜಾರಿದ್ದೋ, ಫೋನಿನಲ್ಲಿ ಎಷ್ಟು ಹಿಗ್ಗಿಸಿದರೂ ನನಗೆ ತೀರ್ಮಾನ ಆಗಿಲ್ಲ. ಹತ್ತಿರ ನಿಂತು ನೋಡಿ ಬರಿ. ಕಿಟಕಿಯಾಚೆ ಕತ್ತಲಲ್ಲಿ ಒಂದು ಧೂಮಕೇತು ಕೂಡ ಇದೆ, ಬೇಗ ಕಣ್ಣಿಗೆ ಬೀಳಲ್ಲ.

ಚಳಿ ಜೋರಾಗಿದ್ದರೆ ಟೋಪಿ ಮರೀಬೇಡ.

ನಿನ್ನವನು